ಗಿಡ್ಡ ಕೋವಿಯ ಚರಿತ್ರೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಒಂದು ಇತಿಹಾಸ ಲೇಖನ ಬೇಕೆಂದು ಸಂಚಿಕೆಯ ಸಂಪಾದಕರು ಕೇಳಿದರು. ಸೈನ್ಯದಲ್ಲಿ ಹದಿನೇಳು ವರ್ಷ ನಾನು ಲಾರಿ ಓಡಿಸಿದವನು. ರಣರಂಗದ ಸಾಹಸ ಹೇಳಲು ನನ್ನಲ್ಲಿ ಏನೂ ಇಲ್ಲ. ಆದರೆ ಇದೇ ಶಾಲೆಯ ಮೈದಾನದಲ್ಲಿ ಒಬ್ಬ ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಒಂಬತ್ತನೇ ತರಗತಿಯಲ್ಲಿ ಎನ್‌ಸಿಸಿ ಸೇರಿದ್ದೆ. ಸ್ವಾತಂತ್ರ್ಯೋತ್ಸವದ ಕವಾಯತಿಗೆ ರೈಫಲ್ ಹಿಡಿಯುವ ಹುಡುಗರನ್ನು ಆರಿಸುವಾಗ ನನ್ನನ್ನು ಕೈಬಿಟ್ಟರು. ‘ತ್ರೀ ನಾಟ್ ತ್ರೀ’ ರೈಫಲ್ ಸುಮಾರು ಮೂರು ಮುಕ್ಕಾಲು ಅಡಿ ಉದ್ದ, ನಾಲ್ಕು ಕೆ.ಜಿ. ತೂಕ. ನಾನೋ ತರಗತಿಗೆಲ್ಲ ಗಿಡ್ಡ. ಬೇವಿನ ಮರದ ಕೆಳಗೆ ಅಳುತ್ತ ಕೂತಿದ್ದಾಗ ಇತಿಹಾಸದ ಮೇಷ್ಟ್ರು ಬಂದರು.

“ಲೋ, ಅದಕ್ಕೆ ಯಾಕೋ ಅಳ್ತೀಯ? ಮನುಷ್ಯನಿಗೆ ತಕ್ಕ ಹಾಗೆ ಕೋವೀನೇ ಗಿಡ್ಡ ಮಾಡಿದ್ದಾರೆ. ಅದಕ್ಕೆ ಕಾರ್ಬೈನ್ ಅಂತಾರೆ.”

“ಯಾರಿಗೋಸ್ಕರ ಮಾಡಿದ್ರು ಸಾರ್?”

“ಅದನ್ನ ನೀನೇ ತಿಳ್ಕೊಂಡು ಬಂದು ನನಗೆ ಹೇಳು.”

ಉತ್ತರ ಸಿಗಲು ವರ್ಷಗಳೇ ಹಿಡಿದವು. ಮೊದಲು ರೈಫಲ್ ಎಂದರೇನು ನೋಡೋಣ. ನಳಿಗೆಯ ಒಳಗೋಡೆಯಲ್ಲಿ ತಿರುಪಿನಂತೆ ಸುತ್ತುವ ಗೀರುಗಳಿರುತ್ತವೆ. ಅವುಗಳಿಂದಾಗಿ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಈ ಗೀರುಗಳಿಂದಲೇ ರೈಫಲ್ ಎಂಬ ಹೆಸರು ಬಂತು. ಈ ಕಾಲದ ಕಾರ್ಬೈನ್‌ನಲ್ಲೂ ಗೀರುಗಳಿವೆ. ಹಾಗಾಗಿ ಅದು ಬೇರೆ ಜಾತಿಯದಲ್ಲ, ರೈಫಲ್ಲಿನ ತಮ್ಮನೇ. ವ್ಯತ್ಯಾಸ ಇರುವುದು ನಳಿಗೆಯ ಉದ್ದದಲ್ಲಿ ಮತ್ತು ತೂಕದಲ್ಲಿ.

ಗಿಡ್ಡ ಮಾಡಿದ್ದು ಕುದುರೆ ಸವಾರನಿಗಾಗಿ. ಅವನ ಒಂದು ಕೈ ಲಗಾಮಿನಲ್ಲಿರುತ್ತದೆ. ಉದ್ದದ ಕೋವಿ ಕುದುರೆಯ ಮೈಗೆ, ಸವಾರನ ಕಾಲಿಗೆ ತಗಲುತ್ತದೆ. ಬ್ರಿಟಿಷರ ಹಳೆಯ ಲೀ-ಎನ್‌ಫೀಲ್ಡ್ ಕೋವಿಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಾಲಾಳಿನ ರೈಫಲ್ಲಿಗೆ 30.2 ಇಂಚಿನ ನಳಿಗೆ, ಸವಾರನ ಕಾರ್ಬೈನ್‌ಗೆ 20.75 ಇಂಚಿನದು. ತೋಟಾ ಮಾತ್ರ ಎರಡಕ್ಕೂ ಒಂದೇ.

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯಿತು. ಬೋಯರ್ ರೈತರು ಕುದುರೆಯ ಮೇಲೆ ಬಂದರೂ ಅವರ ಕೈಯಲ್ಲಿದ್ದುದು ಉದ್ದದ ಮೌಸರ್ ರೈಫಲ್. ಅವರು ದೂರದಿಂದಲೇ ಹೊಡೆಯುತ್ತಿದ್ದರು. ಬ್ರಿಟಿಷ್ ಸವಾರರ ಕಾರ್ಬೈನ್ ಅದಕ್ಕೆ ಸಾಟಿಯಾಗಲಿಲ್ಲ. ಆಮೇಲೆ ಬ್ರಿಟಿಷರು ಕಾಲಾಳಿಗೂ ಸವಾರನಿಗೂ ಒಂದೇ ಕೋವಿ ಸಾಕೆಂದು ತೀರ್ಮಾನಿಸಿ, 25.2 ಇಂಚಿನ ನಳಿಗೆಯ ಹೊಸ ಲೀ-ಎನ್‌ಫೀಲ್ಡ್ ತಂದರು. ನಮ್ಮ ದೇಶದ ಇಷಾಪುರದ ಕಾರ್ಖಾನೆಯಲ್ಲೂ ಅದು ತಯಾರಾಯಿತು. ನನಗೆ ಸಿಗದೇ ಹೋದ ರೈಫಲ್ ಈ ವಂಶದ್ದೇ. ಅಷ್ಟು ಉದ್ದ ಕಂಡ ಆ ಕೋವಿಯೇ ಒಮ್ಮೆ ಗಿಡ್ಡ ಮಾಡಿದ್ದು ಎಂದು ತಿಳಿದ ದಿನ ನನಗೆ ನಗು ಬಂತು.

ಗಿಡ್ಡ ಮಾಡಿದ್ದಕ್ಕೆ ಬೆಲೆಯನ್ನೂ ತೆರಬೇಕು. ಎರಡನೇ ಮಹಾಯುದ್ಧದಲ್ಲಿ, 1944ರಿಂದ, ಬ್ರಿಟಿಷರು ‘ಜಂಗಲ್ ಕಾರ್ಬೈನ್’ ತಯಾರಿಸಿದರು. ನಳಿಗೆ ಸುಮಾರು 18.8 ಇಂಚು, ತೂಕ 3.2 ಕೆ.ಜಿ. ತೋಟಾ ಮಾತ್ರ ಅದೇ ತ್ರೀ ನಾಟ್ ತ್ರೀ. ಉದ್ದ ನಳಿಗೆಯಲ್ಲಿ ಮದ್ದು ಉರಿದು ಗುಂಡನ್ನು ತಳ್ಳಲು ಹೆಚ್ಚು ಜಾಗ ಸಿಗುತ್ತದೆ. ಗಿಡ್ಡ ನಳಿಗೆಯಲ್ಲಿ ಗುಂಡಿನ ವೇಗ ಕಡಿಮೆ. ಉರಿಯುವ ಮದ್ದು ಬಾಯಿಂದ ಹೊರಬಂದು ಬೆಂಕಿ, ಸದ್ದು ಎರಡೂ ಜಾಸ್ತಿ. ಕೋವಿ ಹಗುರವಾದಷ್ಟೂ ಭುಜಕ್ಕೆ ಒದೆತ ಹೆಚ್ಚು. ಅದಕ್ಕಾಗಿ ನಳಿಗೆಯ ತುದಿಗೆ ಬೆಂಕಿ ಮರೆಮಾಡುವ ಆಲಿಕೆಯಂಥ ತೊಡುಗೆ, ಭುಜಕ್ಕೆ ಒತ್ತುವ ಕಡೆಗೆ ರಬ್ಬರ್ ಹಾಕಿದರು. ಆದರೂ ಗುರಿ ನಿಲ್ಲುವುದಿಲ್ಲ ಎಂಬ ದೂರು ತಪ್ಪಲಿಲ್ಲ. 1947ರ ಹೊತ್ತಿಗೆ ಅದರ ತಯಾರಿಕೆಯೇ ನಿಂತಿತು.

ಅಮೆರಿಕದವರು 1941ರಲ್ಲಿ ಬೇರೆ ದಾರಿ ಹಿಡಿದರು. ಅವರ ಎಂ-1 ಕಾರ್ಬೈನ್‌ಗೆ ನಳಿಗೆಯ ಜೊತೆ ತೋಟಾವನ್ನೂ ಚಿಕ್ಕದು ಮಾಡಿದರು. ಅವರ ಗ್ಯಾರಂಡ್ ರೈಫಲ್ 4.3 ಕೆ.ಜಿ. ಇದ್ದರೆ ಈ ಕಾರ್ಬೈನ್ 2.4 ಕೆ.ಜಿ. ಅಷ್ಟೇ. ಫಿರಂಗಿ ಹೊಡೆಯುವವನು, ಲಾರಿ ಓಡಿಸುವವನು, ತಂತಿ ಎಳೆಯುವವನು ಹೀಗೆ ಕೈತುಂಬ ಬೇರೆ ಕೆಲಸ ಇರುವವರಿಗಾಗಿ ಅದು ಹುಟ್ಟಿತು. ಕುದುರೆ ಹೋದರೂ ಸವಾರನ ಸಮಸ್ಯೆ ಉಳಿದಿತ್ತು.

ನಾನು ಸೈನ್ಯಕ್ಕೆ ಸೇರಿ ಲಾರಿಯ ಸ್ಟೇರಿಂಗ್ ಹಿಡಿದಾಗ ನನ್ನ ಕೈಗೆ ಬಂದದ್ದೂ ಕಾರ್ಬೈನೇ, ಕಾನ್ಪುರದಲ್ಲಿ ತಯಾರಾದ 9 ಮಿ.ಮೀ. ಕೋವಿ. ಅದರ ನಳಿಗೆ ಕೇವಲ 20 ಸೆಂ.ಮೀ. ಹಿಡಿಕೆ ಮಡಚಿದರೆ ಸೀಟಿನ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಪೊಲೀಸರ ಬಳಿ ನೀವೂ ಅದನ್ನು ನೋಡಿರುತ್ತೀರಿ. ನಿಜ ಹೇಳಬೇಕೆಂದರೆ ಅದು ಹಾರಿಸುವುದು ಪಿಸ್ತೂಲಿನ ತೋಟಾ, ಕುದುರೆ ಒತ್ತಿ ಹಿಡಿದರೆ ಗುಂಡುಗಳು ಒಂದರ ಹಿಂದೊಂದು ಹೋಗುತ್ತವೆ. ಶಾಸ್ತ್ರದ ಪ್ರಕಾರ ಅದು ಸಬ್‌ಮಷಿನ್ ಗನ್. ಆದರೆ ನಮ್ಮ ಸೈನ್ಯದಲ್ಲಿ ಅದರ ಹೆಸರೇ ಕಾರ್ಬೈನ್. ಸಮೀಪಕ್ಕೆ ಸರಿ, ಮುನ್ನೂರು ಮೀಟರ್ ದೂರಕ್ಕೆ ಅದು ರೈಫಲ್ಲಿನ ಕೆಲಸ ಮಾಡಲಾರದು.

ಈಗ ಊರಿನ ಹುಡುಗರು ಮೊಬೈಲ್ ಆಟ ನೋಡಿ, “ಮಾಮಾ, ಯಾವ ಗನ್ನು ಪವರ್‌ಫುಲ್?” ಎಂದು ಕೇಳುತ್ತಾರೆ. ನಾನು ಅವರಿಗೆ, “ಅದು ಯಾರ ಕೈಗೆ, ಯಾವ ಕೆಲಸಕ್ಕೆ ಮಾಡಿದ್ದು ಅಂತ ಮೊದಲು ಕೇಳ್ರಪ್ಪಾ” ಎನ್ನುತ್ತೇನೆ. ಉದ್ದವಿದ್ದರೆ ದೂರ ಸಿಗುತ್ತದೆ, ಗಿಡ್ಡವಿದ್ದರೆ ಕೈ ಹಗುರಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಮೊದಲ ಸಲ ರಜೆಗೆ ಬಂದಾಗ ಈ ಉತ್ತರ ಹೇಳಲು ಮೇಷ್ಟ್ರ ಮನೆಗೆ ಹೋದೆ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಬೇವಿನ ಮರ ಇನ್ನೂ ಇದೆ. ಸಾರ್, ನೀವು ಕೇಳಿದ್ದಕ್ಕೆ ಉತ್ತರ ಇದು: ಒಂದು ಕೈಯಲ್ಲಿ ಬೇರೆ ಕೆಲಸ ಇದ್ದವನಿಗೋಸ್ಕರ ಮಾಡಿದರು. ತಡವಾಯಿತು, ಕ್ಷಮಿಸಿ.