ಗಾಯರಾಣ, ಗಾವಠಾಣ, ಗಿಡ

ಬೆಳಗಾವಿ ಜಿಲ್ಲೆಯ ಕಾಡೆಂದರೆ ಮುಖ್ಯವಾಗಿ ಖಾನಾಪುರದ ಕಡೆಯ ಕಾಡು. ಉತ್ತರಕ್ಕೆ ಬಂದಂತೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲು ತೆರೆದುಕೊಳ್ಳುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಹೊಳೆಯ ದಂಡೆಯವರೆಗೂ ಕಬ್ಬು. ನಿಪ್ಪಾಣಿಯ ಹೆಸರು ತಂಬಾಕಿನೊಂದಿಗೇ ಬೆಳೆದದ್ದು. ಕಾಡು ವಿರಳವಾದ ಈ ಐದೂ ತಾಲ್ಲೂಕುಗಳಲ್ಲಿ ಗಿಡ ನೆಡಬೇಕೆಂದವರು ಮೊದಲು ನೆಲ ಯಾರದೆಂದು ಕೇಳಲೇಬೇಕು. ಆ ಪ್ರಶ್ನೆಗೆ ಒಂದೂವರೆ ಶತಮಾನದಷ್ಟು ಹಳೆಯ ಚರಿತ್ರೆಯಿದೆ.

ಚಿಕ್ಕೋಡಿ, ಅಥಣಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಬೆಳಗಾವಿ ಜಿಲ್ಲೆಗೆ ಬಂತು. ಮುಂಬಯಿ ಪ್ರಾಂತದ 1879ರ ಭೂಕಂದಾಯ ಸಂಹಿತೆ ಸಾಲುಮರಗಳ ಬಗ್ಗೆ ಒಂದು ಜಾಣ ಏರ್ಪಾಡು ಮಾಡಿತ್ತು. ಸರ್ಕಾರ ನೆಟ್ಟು ಬೆಳೆಸಿದ ರಸ್ತೆಬದಿಯ ಮರ ಸರ್ಕಾರದ್ದೇ. ಆದರೆ ಅದು ಯಾರ ಜಮೀನಿನಲ್ಲಿ ನಿಂತಿದೆಯೋ ಆ ರೈತನಿಗೆ ಅದರ ಹಣ್ಣು, ಸವರಿದ ರೆಂಬೆ ಸಲ್ಲುತ್ತಿದ್ದವು. ಮರ ಒಣಗಿದರೆ ಅಥವಾ ಗಾಳಿಗೆ ಉರುಳಿದರೆ ದಿಮ್ಮಿಯೂ ಅವನಿಗೇ. ಕಲೆಕ್ಟರರ ಆದೇಶವಿಲ್ಲದೆ ರೆಂಬೆ ಸವರುವಂತಿರಲಿಲ್ಲ, ಅಷ್ಟೇ. ಮರದ ನೆರಳಿನಿಂದ ಬೆಳೆ ಕಳೆದುಕೊಳ್ಳುವ ರೈತನಿಗೆ ಮರದಲ್ಲೇ ಪಾಲು ಕೊಟ್ಟು ಅವನನ್ನು ಕಾವಲಿಗೆ ನಿಲ್ಲಿಸಿದ ಕಾನೂನು ಅದು.

ಇನ್ನು ಊರ ನೆಲ. ಮೋಜಣಿಯವರು ಪ್ರತಿ ಊರಿನ ನಕಾಶೆಯಲ್ಲಿ ಮನೆಗಳಿರುವ ಜಾಗವನ್ನು ಗಾವಠಾಣವೆಂದೂ ದನ ಮೇಯುವ ಜಾಗವನ್ನು ಗಾಯರಾಣವೆಂದೂ ಗುರುತಿಸಿದರು. ಹಳೇ ಮೈಸೂರಿನ ಗೋಮಾಳವೇ ಈ ಭಾಗದ ಗಾಯರಾಣ. 1956ರಲ್ಲಿ ರಾಜ್ಯ ಬದಲಾದರೂ ಈ ಹೆಸರುಗಳು ಉಳಿದವು. 1964ರ ಭೂಕಂದಾಯ ಕಾಯ್ದೆಯಡಿ ಬಂದ 1966ರ ನಿಯಮಗಳು ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಮೇವಿನ ನೆಲ ಇರಬೇಕೆಂದವು. ಆದ್ದರಿಂದ ಗಾಯರಾಣ ಬೋಳಾಗಿ ಕಂಡರೂ ಖಾಲಿ ಜಾಗವಲ್ಲ. ಅಲ್ಲಿ ಎಮ್ಮೆ, ಕುರಿಗಳ ಹಕ್ಕಿದೆ.

ಈ ಹಕ್ಕನ್ನು ಮರೆತು ಗಿಡ ನೆಟ್ಟರೆ ಏನಾಗುತ್ತದೆಂಬುದಕ್ಕೆ ನೆರೆಯ ಧಾರವಾಡ ಜಿಲ್ಲೆಯೇ ಸಾಕ್ಷಿ.

1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವ ಊರೂರಿಗೂ ಹಬ್ಬಿತು. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಎಲ್ಲೆಲ್ಲೂ ನೀಲಗಿರಿ ಎದ್ದಿತು. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ನೆಲದಲ್ಲಿ ಕಾರ್ಖಾನೆಗೆ ಬೇಕಾದ ಮರ ಬೆಳೆಸಲು ಹೊರಟಿತು. ಜನ ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ನೆಲವದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಅಲ್ಲೇ ಹಚ್ಚಿದರು. 1991ರಲ್ಲಿ ಕಂಪನಿ ಮುಚ್ಚಿತು. ಅವರ ಜಗಳ ಗಿಡದೊಂದಿಗೆ ಇರಲಿಲ್ಲ; ಊರನ್ನು ಕೇಳದೆ ಊರ ನೆಲದಲ್ಲಿ ನೆಟ್ಟವರೊಂದಿಗೆ ಇತ್ತು.

2011ರ ಜನವರಿಯಲ್ಲಿ ಪಂಜಾಬಿನ ಒಂದು ಊರಿನ ಕೆರೆಯ ಒತ್ತುವರಿ ಕುರಿತ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರೊಟ್ಟಿನ ಆಸ್ತಿಯನ್ನು ಊರಿಗೇ ಮರಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಆದೇಶಿಸಿತು. ಒತ್ತುವರಿ ತೆರವಾದ ಗಾಯರಾಣದಲ್ಲಿ ಮೇವಿಗೂ ನೆರಳಿಗೂ ಆಗುವ ಗಿಡ ಬೆಳೆಸಲು ಈ ತೀರ್ಪು ಬಲ ಕೊಡುತ್ತದೆ.

ಜಾಗ ಹುಡುಕುವ ಕೆಲಸ ಶುರುವಾಗುವುದು ಉತಾರದಿಂದ, ಅಂದರೆ ಪಹಣಿಯಿಂದ. ಅದರ ವಿಸ್ತೀರ್ಣದ ಅಂಕಣದಲ್ಲಿ ಒಟ್ಟು ಎಕರೆಯ ಕೆಳಗೆ ಖರಾಬು ‘ಅ’, ಖರಾಬು ‘ಬ’ ಎಂಬ ಎರಡು ಸಾಲುಗಳಿವೆ. ‘ಅ’ ಎಂದರೆ ಕಲ್ಲು, ಕೊರಕಲಿನಂಥ ಸಾಗುವಳಿಗೆ ಬಾರದ ನೆಲ. ‘ಬ’ ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ನೆಲ. ಒಬ್ಬ ರೈತನ ಸರ್ವೆ ನಂಬರಿನೊಳಗೇ ಊರಿಗೆ ಸೇರಿದ ಒಂದೆರಡು ಗುಂಟೆ ಹೀಗೆ ಅಡಗಿರಬಹುದು. ಹೊಳೆದಂಡೆಯಲ್ಲಂತೂ ಎಚ್ಚರ ಹೆಚ್ಚು ಬೇಕು: 2005, 2019, 2021ರ ಮಹಾಪೂರ ಕಂಡ ಈ ಭಾಗದಲ್ಲಿ ದಂಡೆ ಕೊರೆದುಹೋದ ಕಡೆ ಭೂಮಾಪಕರ ಅಳತೆಯಿಲ್ಲದೆ ನೆಲ ಯಾರದೆಂದು ಹೇಳಲಾಗದು.

ರಸ್ತೆಬದಿಗೆ ಆ ರಸ್ತೆ ಯಾವ ಇಲಾಖೆಯದೋ ಅದರ ಒಪ್ಪಿಗೆ ಬೇಕು. ರಸ್ತೆ ಮುಂದೆ ಅಗಲವಾಗಲಿದೆಯೇ, ಮೇಲೆ ವಿದ್ಯುತ್ ತಂತಿ ಇದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಶಾಲೆಯ ಅಂಗಳಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಗಾವಠಾಣಕ್ಕೆ ಗ್ರಾಮ ಪಂಚಾಯಿತಿ. ಎಲ್ಲಕ್ಕಿಂತ ಸುಲಭದ ಜಾಗ ರೈತನ ಸ್ವಂತ ಹೊಲದ ಬದು. 2011ರಿಂದ ನಡೆದುಬಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಅರಣ್ಯ ಇಲಾಖೆ ಸಸಿ ಕೊಟ್ಟು, ಬದುಕುಳಿದ ಗಿಡಕ್ಕೆ ಮೂರು ವರ್ಷ ಹಣ ಕೊಡುತ್ತದೆ. 2001ರ ತಿದ್ದುಪಡಿಯ ನಂತರ ಹೊಲದಲ್ಲಿ ಬೆಳೆದ ಶ್ರೀಗಂಧಕ್ಕೂ ರೈತನೇ ಒಡೆಯ. ಆದರೆ 1976ರ ಮರ ಸಂರಕ್ಷಣಾ ಕಾಯ್ದೆಯಿರುವುದರಿಂದ, ಯಾವ ಮರ ಕಡಿಯಲು ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ನೆಡುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಈ ಓಡಾಟಕ್ಕೆ ಬೇಸಿಗೆಯೇ ತಕ್ಕ ಕಾಲ. ಗ್ರಾಮಸಭೆಯಲ್ಲಿ ವಿಷಯವಿಡಿ, ದನಗಾರರನ್ನೂ ಕುರಿಗಾರರನ್ನೂ ಕರೆದು ಕೇಳಿ, ಠರಾವು ಬರೆಸಿ, ಅದರ ನಕಲು ಕೈಯಲ್ಲಿಟ್ಟುಕೊಳ್ಳಿ. ಮಿರುಗದ ಮಳೆ ಬಿದ್ದ ಮೇಲೆ ಗುಂಡಿ ತೋಡಿ.