ಕ್ರೈಸ್ತ ಪವಿತ್ರಗ್ರಂಥದ ಜೋಡಣೆಯಲ್ಲಿ ಸಂಖ್ಯಾಸಂಕೇತ

ಕ್ರೈಸ್ತರ ಬೈಬಲ್ ಒಂದು ಗ್ರಂಥವಲ್ಲ, ಗ್ರಂಥಸಮುಚ್ಚಯ. ಪ್ರಾಟೆಸ್ಟಂಟರ ಗಣನೆಯಂತೆ ಹಳೆಯ ಒಡಂಬಡಿಕೆಯಲ್ಲಿ 39, ಹೊಸ ಒಡಂಬಡಿಕೆಯಲ್ಲಿ 27, ಒಟ್ಟು 66 ಗ್ರಂಥಗಳು. ಕಥೋಲಿಕರ ಗಣನೆಯಂತೆ 73. ಈ ಗ್ರಂಥಗಳ ಸಂಖ್ಯೆಯಲ್ಲಿಯೂ ಅನುಕ್ರಮದಲ್ಲಿಯೂ ಗೂಢಾರ್ಥವೊಂದು ಅಡಗಿದೆಯೆಂಬ ನಂಬಿಕೆ ಬಹು ಪ್ರಾಚೀನವಾದುದು. ಇಂದಿಗೂ ಅದು ಮಾಸಿಲ್ಲ. ಭಕ್ತನಿಗೆ ಇದು ಶ್ರದ್ಧೆಯ ವಿಷಯ. ಹಸ್ತಪ್ರತಿಗಳ ಅಭ್ಯಾಸಿಗಾದರೋ ಬೇರೊಂದು ಪ್ರಶ್ನೆ ಏಳುತ್ತದೆ: ಈ ವಿನ್ಯಾಸ ಗ್ರಂಥಕರ್ತೃವಿನದೋ, ಸಂಕಲನಕಾರನದೋ, ಅಥವಾ ಎಣಿಸಿದವನದೋ?

ಮೊದಲು ಒಂದು ಭೌತಿಕ ಸಂಗತಿಯನ್ನು ಗಮನಿಸಬೇಕು. ಹೀಬ್ರೂ ಗ್ರಂಥಗಳು ಬಹುಮಟ್ಟಿಗೆ ತೊಗಲಿನ ಸುರುಳಿಗಳಲ್ಲಿ ಉಳಿದುಬಂದವು. ದೊಡ್ಡ ಗ್ರಂಥವೊಂದಕ್ಕೆ ಒಂದು ಸುರುಳಿಯೇ ಬೇಕಾಗುತ್ತಿತ್ತು. ಬೇರೆಬೇರೆ ಸುರುಳಿಗಳಲ್ಲಿದ್ದ ಗ್ರಂಥಗಳಿಗೆ ಹಿಂದುಮುಂದಿನ ಕ್ರಮವೆಂಬುದು ಪಟ್ಟಿಯಲ್ಲಿ ಮಾತ್ರ ಇರಲು ಸಾಧ್ಯ. ಬಿಡಿ ಬಿಡಿಯಾದ ಓಲೆಗರಿಯ ಕಟ್ಟುಗಳನ್ನು ವಿಂಗಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಳೆಗಳನ್ನು ಮಡಿಸಿ ಹೊಲಿದ ಪುಸ್ತಕರೂಪವನ್ನು ಕ್ರೈಸ್ತರು ರೂಢಿಸಿಕೊಂಡ ಮೇಲೆ, ನಾಲ್ಕನೆಯ ಶತಮಾನದ ಹೊತ್ತಿಗೆ, ಇಡೀ ಬೈಬಲ್ಲನ್ನು ಒಟ್ಟಾಗಿ ಕಟ್ಟುವುದು ಸಾಧ್ಯವಾಯಿತು. ಆ ಕಾಲದ ಎರಡು ಪ್ರಸಿದ್ಧ ಗ್ರೀಕ್ ಪ್ರತಿಗಳಲ್ಲಿ ವ್ಯಾಟಿಕನಸ್ ಪ್ರತಿಯ ಹಳೆಯ ಒಡಂಬಡಿಕೆ ದಾನಿಯೇಲನ ಗ್ರಂಥದಿಂದ ಮುಗಿದರೆ, ಸಿನೈಟಿಕಸ್ ಪ್ರತಿಯದು ಯೋಬನ ಗ್ರಂಥದಿಂದ ಮುಗಿಯುತ್ತದೆ. ಅನುಕ್ರಮವೇ ಸ್ಥಿರವಾಗಿಲ್ಲದಿರುವಾಗ ಅನುಕ್ರಮದಲ್ಲಿ ಅರ್ಥವನ್ನು ಹುಡುಕುವವನು ಎಚ್ಚರದಿಂದಿರಬೇಕಾಗುತ್ತದೆ.

ಸಂಖ್ಯೆಯ ಇತಿಹಾಸ ಇನ್ನೂ ಸ್ವಾರಸ್ಯವಾಗಿದೆ. ಮೊದಲನೆಯ ಶತಮಾನದ ಕೊನೆಯಲ್ಲಿ ಯೆಹೂದ್ಯ ಇತಿಹಾಸಕಾರ ಜೋಸೆಫಸನು ತನ್ನವರ ಪವಿತ್ರಗ್ರಂಥಗಳು 22 ಎಂದನು. ಆ ಸಂಖ್ಯೆಗೆ ಯಾವ ಸಂಕೇತಾರ್ಥವನ್ನೂ ಆತ ಹೇಳಲಿಲ್ಲ. ಸುಮಾರು ಅದೇ ಕಾಲದ ನಾಲ್ಕನೆಯ ಎಜ್ರ ಎಂಬ ಕೃತಿಯಲ್ಲಿ ಎಲ್ಲರೂ ಓದತಕ್ಕ ಗ್ರಂಥಗಳು 24 ಎಂದಿದೆ. ಮೂರನೆಯ ಶತಮಾನದಲ್ಲಿ ಒರಿಗೆನ್ ಎಂಬ ಕ್ರೈಸ್ತ ಪಂಡಿತನು 22ನ್ನು ಹಿಡಿದು, ಹೀಬ್ರೂ ವರ್ಣಮಾಲೆಯ ಅಕ್ಷರಗಳೂ ಅಷ್ಟೇ ಎಂದು ಎರಡಕ್ಕೂ ಗಂಟುಹಾಕಿದನು. ಅವನ ಪಟ್ಟಿ ನಮಗೆ ದೊರೆತಿರುವುದು ಯೂಸೇಬಿಯಸನ ಸಭಾಚರಿತ್ರೆಯಲ್ಲಿನ ಉದ್ಧರಣೆಯಿಂದ. ವಿಚಿತ್ರವೆಂದರೆ, ಇಪ್ಪತ್ತೆರಡೆಂದು ಘೋಷಿಸುವ ಆ ಪಟ್ಟಿಯನ್ನು ಎಣಿಸಿದರೆ ಇಪ್ಪತ್ತೊಂದೇ ಸಿಕ್ಕುತ್ತವೆ. ಹನ್ನೆರಡು ಮಂದಿ ಕಿರಿಯ ಪ್ರವಾದಿಗಳ ಗ್ರಂಥ ಬಿಟ್ಟುಹೋಗಿದೆ. ರುಫೀನಸನ ಲ್ಯಾಟಿನ್ ಅನುವಾದದಲ್ಲಿ ಅದು ಇದೆ. ಆದುದರಿಂದ ಇದನ್ನು ಲಿಪಿಕಾರನ ಅನವಧಾನವೆಂದೇ ಎಣಿಸಲಾಗಿದೆ. ಇಲ್ಲಿ ಸಂಖ್ಯೆಯು ಪಾಠಲೋಪವನ್ನು ಹಿಡಿದುಕೊಡುವ ಸಾಕ್ಷಿಯಾಗಿ ಒದಗಿದೆ.

ಸುಮಾರು ಕ್ರಿ.ಶ. 390ರ ವೇಳೆಗೆ ಲ್ಯಾಟಿನ್ ಅನುವಾದಕ ಜೆರೋಮನು ಈ ಸಾಮ್ಯವನ್ನು ಮತ್ತಷ್ಟು ಬೆಳೆಸಿದನು. ಹೀಬ್ರೂವಿನ ಐದು ಅಕ್ಷರಗಳಿಗೆ ಪದಾಂತ್ಯದಲ್ಲಿ ಬೇರೆ ರೂಪವುಂಟು. ಅಂತೆಯೇ ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ, ಎಜ್ರ, ಪ್ರಲಾಪಗಳೊಡಗೂಡಿದ ಯೆರೆಮೀಯ ಎಂಬ ಐದು ಗ್ರಂಥಗಳು ಜೋಡಿಗಳು ಎಂಬುದು ಅವನ ವಾದ. ರೂತಳ ಗ್ರಂಥವನ್ನೂ ಪ್ರಲಾಪಗಳನ್ನೂ ಬೇರ್ಪಡಿಸಿ ಎಣಿಸುವವರಿಗೆ 24 ಆಗುತ್ತದೆಂಬುದು ಅವನಿಗೆ ತಿಳಿದಿತ್ತು. ಅದಕ್ಕೂ ಅವನಲ್ಲಿ ಉತ್ತರ ಸಿದ್ಧವಾಗಿತ್ತು: ಪ್ರಕಟನೆಯ ಗ್ರಂಥದಲ್ಲಿ ಸಿಂಹಾಸನದ ಮುಂದೆ ಅಡ್ಡಬೀಳುವ ಹಿರಿಯರು 24 ಮಂದಿ. ಯಾವ ಸಂಖ್ಯೆ ಬಂದರೂ ಅದಕ್ಕೊಂದು ಸಂಕೇತವನ್ನು ಒದಗಿಸಬಲ್ಲ ಈ ಚಾತುರ್ಯವೇ ಸಂಕೇತದ ಪ್ರಾಮಾಣ್ಯವನ್ನು ಕುಗ್ಗಿಸುತ್ತದೆಂದು ನಮಗೆ ತೋರುತ್ತದೆ.

ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸನ ಕ್ರಿ.ಶ. 367ರ ಪತ್ರದಲ್ಲಿ ಇನ್ನೂ ಸ್ಪಷ್ಟವಾದ ಆಧಾರ ದೊರೆಯುತ್ತದೆ. ಇಂದು ರೂಢಿಯಲ್ಲಿರುವ ಹೊಸ ಒಡಂಬಡಿಕೆಯ 27 ಗ್ರಂಥಗಳನ್ನು ಹೆಚ್ಚುಕಡಮೆಯಿಲ್ಲದೆ ಹೆಸರಿಸುವ ಈ ಪತ್ರ ಹಳೆಯ ಒಡಂಬಡಿಕೆಗೆ ಅಕ್ಷರಗಳ ಸಂಖ್ಯೆಯಾದ 22ನ್ನೇ ವಿಧಿಸುತ್ತದೆ. ಆದರೆ ಅವನ ಇಪ್ಪತ್ತೆರಡು ಜೆರೋಮನ ಇಪ್ಪತ್ತೆರಡಲ್ಲ. ಜೆರೋಮನು ರೂತಳ ಗ್ರಂಥವನ್ನು ನ್ಯಾಯಸ್ಥಾಪಕರೊಡನೆ ಸೇರಿಸಿ ಒಂದೆಂದು ಎಣಿಸಿದರೆ, ಅಥನೇಷಿಯಸನು ಎರಡೆಂದು ಎಣಿಸುತ್ತಾನೆ. ಹೆಚ್ಚಿದ ಒಂದನ್ನು ಸರಿದೂಗಿಸುವಂತೆ ಅವನ ಪಟ್ಟಿಯಲ್ಲಿ ಎಸ್ತೇರಳ ಗ್ರಂಥಕ್ಕೆ ಸ್ಥಾನವಿಲ್ಲ. ಅದೇ ಶತಮಾನದ ಹಿಲರಿ ಎಂಬ ಬಿಷಪ್ಪನು, ಕೆಲವರು ತೋಬಿತ ಮತ್ತು ಯೂದಿತಳ ಗ್ರಂಥಗಳನ್ನು ಸೇರಿಸಿಕೊಂಡು ಗ್ರೀಕ್ ವರ್ಣಮಾಲೆಯ 24 ಅಕ್ಷರಗಳಿಗೆ ಸರಿಮಾಡುತ್ತಾರೆಂದು ತಿಳಿಸಿದ್ದಾನೆ. ಸಂಖ್ಯೆ ನಿಂತಿದೆ, ಒಳಗಿನ ಗ್ರಂಥಗಳು ಬದಲಾಗಿವೆ. ಗ್ರಂಥಗಳನ್ನು ಎಣಿಸಿ ಸಂಖ್ಯೆಯನ್ನು ಕಂಡುಕೊಂಡಂತೆ ಇದು ಕಾಣುವುದಿಲ್ಲ. ಸಂಖ್ಯೆಯನ್ನು ಮುಂದಿಟ್ಟುಕೊಂಡು ಗ್ರಂಥಗಳನ್ನು ಹೊಂದಿಸಿದಂತೆ ಕಾಣುತ್ತದೆ.

ಸುವಾರ್ತೆಗಳ ವಿಷಯದಲ್ಲಿಯೂ ಹೀಗೆಯೇ. ಸುಮಾರು ಕ್ರಿ.ಶ. 180ರಲ್ಲಿ ಐರೇನಿಯಸನು ಲೋಕಕ್ಕೆ ನಾಲ್ಕು ದಿಕ್ಕುಗಳು, ನಾಲ್ಕು ಗಾಳಿಗಳು ಇರುವಂತೆ ಸುವಾರ್ತೆಗಳೂ ನಾಲ್ಕೇ ಎಂದು ವಾದಿಸಿ, ಪ್ರಕಟನೆಯ ನಾಲ್ಕು ಜೀವಿಗಳನ್ನು ಅವುಗಳಿಗೆ ಹೊಂದಿಸಿದನು. ಅವನ ಮತದಲ್ಲಿ ಸಿಂಹ ಯೋಹಾನನದು, ಹದ್ದು ಮಾರ್ಕನದು. ಜೆರೋಮನಲ್ಲಿ ಇವೆರಡೂ ಅದಲುಬದಲಾಗಿವೆ. ಚಿತ್ರಕಾರರು ಹಿಡಿದದ್ದು ಜೆರೋಮನ ಕ್ರಮವನ್ನು. ಕೇಂಬ್ರಿಜಿನಲ್ಲಿರುವ ಬೇಜ ಪ್ರತಿಯಲ್ಲಿಯೂ ವಾಷಿಂಗ್ಟನ್ ಪ್ರತಿಯಲ್ಲಿಯೂ ಸುವಾರ್ತೆಗಳ ಅನುಕ್ರಮವೇ ಬೇರೆ: ಮತ್ತಾಯ, ಯೋಹಾನ, ಲೂಕ, ಮಾರ್ಕ.

ಪೌಲನ ಪತ್ರಿಕೆಗಳನ್ನು ಕುರಿತು ಮುರಟೋರಿ ಎಂಬ ವಿದ್ವಾಂಸನು 1740ರಲ್ಲಿ ಪ್ರಕಟಿಸಿದ ಲ್ಯಾಟಿನ್ ಪಟ್ಟಿಯ ತುಣುಕೊಂದು, ಪ್ರಕಟನೆಯಲ್ಲಿ ಏಳು ಸಭೆಗಳಿಗೆ ಬರೆದಂತೆ ಪೌಲನೂ ಏಳೇ ಸಭೆಗಳಿಗೆ ಬರೆದನೆನ್ನುತ್ತದೆ. ಆದರೆ ಪತ್ರಿಕೆಗಳ ಕ್ರಮವನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಅವುಗಳ ಗಾತ್ರ. ಸಭೆಗಳಿಗೆ ಬರೆದವುಗಳಲ್ಲಿ ದೀರ್ಘವಾದ ರೋಮಾಪುರದ ಪತ್ರಿಕೆ ಮೊದಲು, ಚಿಕ್ಕವು ಕೊನೆಗೆ. ಸುಮಾರು ಕ್ರಿ.ಶ. 200ರದೆಂದು ಎಣಿಸಲಾಗಿರುವ, ಈಗ ಡಬ್ಲಿನ್ ಮತ್ತು ಆನ್ ಆರ್ಬರ್‌ಗಳಲ್ಲಿ ಹಂಚಿಹೋಗಿರುವ ಪಪೈರಸ್ ಪ್ರತಿಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ ರೋಮಾಪುರದ ಪತ್ರಿಕೆಯ ಬೆನ್ನಿಗೇ ಬಂದಿದೆ.

ಈಚಿನ ಜನಪ್ರಿಯ ಪುಸ್ತಕಗಳಲ್ಲಿ ಕಾಣುವ ಒಂದು ವಾದವನ್ನು ಬೇಗನೆ ವಿಲೇವಾರಿ ಮಾಡಬಹುದು. ಯೆಶಾಯನ ಗ್ರಂಥದಲ್ಲಿ 66 ಅಧ್ಯಾಯಗಳಿರುವುದು ಬೈಬಲಿನ 66 ಗ್ರಂಥಗಳ ಪ್ರತಿಬಿಂಬವಂತೆ. ಈಗಿನ ಅಧ್ಯಾಯವಿಭಾಗ ಹದಿಮೂರನೆಯ ಶತಮಾನದ ಆರಂಭದ್ದು; ಪ್ಯಾರಿಸ್ಸಿನಲ್ಲಿ ಬೋಧಿಸುತ್ತಿದ್ದ ಸ್ಟೀಫನ್ ಲ್ಯಾಂಗ್ಟನನ ಹೆಸರಿಗೆ ಅದು ಸಲ್ಲುತ್ತದೆ. ಹೊಸ ಒಡಂಬಡಿಕೆಯ ವಚನಗಳ ಈಗಿನ ಸಂಖ್ಯೆಗಳು 1551ರಲ್ಲಿ ಮುದ್ರಕ ರಾಬರ್ಟ್ ಎತಿಯೆನ್ ಹಾಕಿದವು. ಮೃತಸಮುದ್ರದ ಬಳಿ ಕುಮ್ರಾನ್ ಗವಿಯಲ್ಲಿ 1947ರಲ್ಲಿ ದೊರೆತ ಯೆಶಾಯನ ಮಹಾಸುರುಳಿಯಲ್ಲಿ 54 ಅಂಕಣಗಳಿವೆ, ಅಧ್ಯಾಯಸಂಖ್ಯೆಗಳಿಲ್ಲ.

ಹೀಗೆಂದು ಎಲ್ಲ ವಿನ್ಯಾಸವೂ ಆರೋಪಿತವೆಂದು ತಳ್ಳಿಹಾಕುವುದು ಇನ್ನೊಂದು ಅತಿ. ಇಪ್ಪತ್ತೆರಡು ಅಕ್ಷರಗಳ ಆಟ ಮೂಲಕವಿಗಳದೇ ಆಗಿರುವ ಸ್ಥಳಗಳಿವೆ. 119ನೆಯ ಕೀರ್ತನೆಯಲ್ಲಿ ಒಂದೊಂದು ಅಕ್ಷರದಿಂದ ಆರಂಭವಾಗುವ ಎಂಟೆಂಟು ಸಾಲುಗಳಂತೆ ಒಟ್ಟು 176 ವಚನಗಳಿವೆ. ಪ್ರಲಾಪಗಳ ಮೊದಲ ನಾಲ್ಕು ಪದ್ಯಗಳು ವರ್ಣಮಾಲೆಯ ಕ್ರಮದಲ್ಲಿಯೇ ಸಾಗುತ್ತವೆ. ಮೊದಲನೆಯದರಲ್ಲಿ 'ಅಯಿನ್' ಆದ ಮೇಲೆ 'ಪೇ', ಉಳಿದ ಮೂರರಲ್ಲಿ 'ಪೇ' ಮೊದಲು. ಇದು ಲಿಪಿಕಾರನ ತಪ್ಪಲ್ಲ. ಇಜ್ಬೆತ್ ಸರ್ತಾ ಎಂಬಲ್ಲಿ 1976ರಲ್ಲಿ ದೊರೆತ ಮಡಕೆಯ ಚೂರಿನ ಮೇಲೆ ಅಭ್ಯಾಸಿಯೊಬ್ಬನು ಗೀಚಿದ ಪ್ರಾಚೀನ ವರ್ಣಮಾಲೆಯಲ್ಲಿಯೂ 'ಪೇ' ಮೊದಲೇ ಬಂದಿದೆ.

145ನೆಯ ಕೀರ್ತನೆಯ ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ 21 ವಚನಗಳು ಮಾತ್ರ ಇವೆ. 'ನೂನ್' ಅಕ್ಷರದ ಸಾಲು ಇಲ್ಲ. ಇದಕ್ಕೆ ತಾಲ್ಮೂದಿನಲ್ಲಿ ಸಾಂಕೇತಿಕವಾದ ಸಮಾಧಾನವಿದೆ: ಇಸ್ರಾಯೇಲಿನ ಪತನವನ್ನು ಸಾರುವ ಆಮೋಸನ ವಾಕ್ಯ ಆ ಅಕ್ಷರದಿಂದ ತೊಡಗುವುದರಿಂದ ಕವಿ ಅದನ್ನು ಬಿಟ್ಟನಂತೆ. ಆದರೆ ಪ್ರಾಚೀನ ಗ್ರೀಕ್ ಮತ್ತು ಸಿರಿಯಾಕ್ ಅನುವಾದಗಳಲ್ಲಿ ಆ ಸಾಲು ಇದೆ. ಕುಮ್ರಾನಿನ ಹನ್ನೊಂದನೆಯ ಗವಿಯಲ್ಲಿ 1956ರಲ್ಲಿ ದೊರೆತು 1965ರಲ್ಲಿ ಪ್ರಕಟವಾದ ಕೀರ್ತನೆಗಳ ಸುರುಳಿಯಲ್ಲಿ ಅದು ಹೀಬ್ರೂವಿನಲ್ಲಿಯೇ ಕಾಣಿಸಿಕೊಂಡಿತು. ಅಲ್ಲಿ ಆ ಸಾಲು ದೇವರಿಗೆ ಬಳಸಿರುವ ಹೆಸರು ಕೀರ್ತನೆಯ ಉಳಿದ ಭಾಗದ ಹೆಸರಿಗಿಂತ ಭಿನ್ನವಾಗಿರುವುದರಿಂದ, ಕೊರತೆಯನ್ನು ತುಂಬಲು ಯಾರೋ ಅನಂತರ ರಚಿಸಿ ಸೇರಿಸಿದುದೆಂದು ಕೆಲವು ವಿದ್ವಾಂಸರು ಶಂಕಿಸಿದ್ದಾರೆ. ಈಚಿನ ಹಲವು ಅನುವಾದಗಳು ಅದನ್ನು ಹದಿಮೂರನೆಯ ವಚನದ ಉತ್ತರಾರ್ಧವಾಗಿ ಸೇರಿಸಿಕೊಂಡು, ಆಧಾರವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿವೆ.