ಸಂತರ ಕುರಿಗಳು

ಕಾಲೇಜಿನಲ್ಲಿ ನಾನು ಓದುತ್ತಿದ್ದಾಗ ಎಂಟನೆಯ ಹೆನ್ರಿಯೆಂದರೆ ಆರು ಹೆಂಡಿರ ಕಥೆ. ಮತಸುಧಾರಣೆಯೆಂದರೆ ಅದರ ಕಡೆಯಲ್ಲಿ ಬರುವ ಒಂದು ಪ್ಯಾರಾ. ಅರಸು ಪೋಪನೊಡನೆ ಜಗಳವಾಡಿದ, ಮಠಗಳನ್ನು ಮುಚ್ಚಿಸಿದ ಎಂದು ಬರೆದರೆ ಅಂಕಗಳು ಬರುತ್ತಿದ್ದುವು. ಹಳ್ಳಿಯಲ್ಲಿ ಹಬ್ಬ ಮಾಡುತ್ತಿದ್ದ ಜನಕ್ಕೆ ಆಗ ಏನಾಯಿತೆಂದು ನಾವು ಕೇಳಲಿಲ್ಲ, ಗುರುಗಳೂ ಹೇಳಲಿಲ್ಲ. ಬಹುಕಾಲದ ಮೇಲೆ, ಈಮನ್ ಡಫಿಯೆಂಬ ಚರಿತ್ರಕಾರ ಮೋರ್‌ಬಾತ್ ಎಂಬ ಊರನ್ನು ಕುರಿತು 2001ರಲ್ಲಿ ಹೊರತಂದ ಪುಸ್ತಕ ಕೈಗೆ ಸಿಕ್ಕಿದಾಗ ಆ ಪ್ರಶ್ನೆ ನನಗೆ ಹೊಳೆಯಿತು.

ಮೋರ್‌ಬಾತ್ ಇರುವುದು ಡೆವನ್ ಸೀಮೆಯಲ್ಲಿ, ಎಕ್ಸ್‌ಮೂರ್ ಬಯಲಿನ ದಕ್ಷಿಣದ ಅಂಚಿನಲ್ಲಿ. ಹದಿನಾರನೆಯ ಶತಮಾನದಲ್ಲಿ ಅಲ್ಲಿದ್ದುದು 33 ಮನೆಗಳು; ಕುರಿಯೇ ಬದುಕು. 1520ರಲ್ಲಿ ಪಾದ್ರಿಯಾಗಿ ಬಂದ ಸರ್ ಕ್ರಿಸ್ಟಫರ್ ಟ್ರಿಕಿ 1574ರಲ್ಲಿ ಸಾಯುವವರೆಗೂ ಆ ಊರನ್ನು ಬಿಡಲಿಲ್ಲ. (‘ಸರ್’ ಎಂಬುದು ದೊರೆ ಕೊಟ್ಟ ಬಿರುದಲ್ಲ; ಪಾದ್ರಿಗಳನ್ನು ಆಗ ಹಾಗೆ ಕರೆಯುವ ವಾಡಿಕೆಯಿತ್ತು.) ಇಗರ್ಜಿಯ ಲೆಕ್ಕವನ್ನು ತಾನೇ ಬರೆದು, ಊರವರನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದಿ ಹೇಳುವುದು ಆತನ ಪದ್ಧತಿ. ಆ ಲೆಕ್ಕದ ಪುಸ್ತಕ ಉಳಿದು ಬಂದು 1904ರಲ್ಲಿ ಅಚ್ಚಾಯಿತು.

ಆ ಲೆಕ್ಕದಲ್ಲಿ ಸಂತರಿಗೆ ಕುರಿಗಳಿವೆ! ಮೇರಿ ಮಾತೆಯ ಕುರಿ, ಸೇಂಟ್ ಸಿಡ್‌ವೆಲ್ಲಳ ಕುರಿ ಎಂದು ಬೇರೆಬೇರೆ ನಿಧಿ. ಆ ಕುರಿಗಳನ್ನು ಊರಿನ ಮನೆಗಳಲ್ಲಿ ಸಾಕಲು ಬಿಡುತ್ತಿದ್ದರು; ಉಣ್ಣೆ ಮಾರಿ ಬಂದ ಹಣದಿಂದ ಆಯಾ ಮೂರ್ತಿಯ ಮುಂದೆ ಮೇಣದ ದೀಪ ಉರಿಯಬೇಕು. ಯಾವ ಕುರಿ ಸತ್ತಿತು, ಯಾವುದು ತಪ್ಪಿಸಿಕೊಂಡಿತು ಎಂಬುದನ್ನೂ ಪಾದ್ರಿ ಬರೆದಿಟ್ಟಿದ್ದಾನೆ. ನಂದಾದೀವಿಗೆಯ ದತ್ತಿಶಾಸನಗಳನ್ನು ತರಗತಿಯಲ್ಲಿ ಓದಿಸುವ ನನಗೆ ಈ ಪುಟಗಳು ಅಪರಿಚಿತವೆನಿಸಲಿಲ್ಲ. ಊರ ತರುಣರದೊಂದು ನಿಧಿ, ಕನ್ಯೆಯರದೊಂದು ನಿಧಿ. ತರುಣರು ಹಬ್ಬಕ್ಕೆ ‘ಏಲ್’ ಎಂಬ ಬಾರ್ಲಿಯ ಮದ್ಯವನ್ನು ಕಾಸಿ, ಊಟದೊಡನೆ ಮಾರಿ, ಬಂದ ಲಾಭವನ್ನು ಇಗರ್ಜಿಗೆ ಕೊಡುತ್ತಿದ್ದರು. ಕುಡಿದು ದೇವರ ದೀಪ ಹಚ್ಚುವುದೇ ಎಂದು ಮೂಗು ಮುರಿಯುವವರು ಮುರಿಯಲಿ. ಮುಂದೆ ಬಂದ ಪ್ಯೂರಿಟನ್ನರೂ ಹಾಗೆಯೇ ಮುರಿದರು.

1534ರ ನವೆಂಬರಿನಲ್ಲಿ ಕಳ್ಳನೊಬ್ಬ ಇಗರ್ಜಿಗೆ ನುಗ್ಗಿ ಪೂಜೆಯ ಬಟ್ಟಲನ್ನೂ ಸಿಡ್‌ವೆಲ್ಲಳ ಬೆಳ್ಳಿಯ ಪಾದರಕ್ಷೆಯನ್ನೂ ಒಯ್ದ. ಆಗ ತರುಣರೂ ಕನ್ಯೆಯರೂ ತಾವೇ ಹಣ ಕೂಡಿಸಿ, ಊರಿಗೆ ಹೊರೆಯಾಗದಂತೆ ಹೊಸ ಬಟ್ಟಲನ್ನು ತಂದರು. ಹಬ್ಬವೆಂಬುದು ಆ ಜನಕ್ಕೆ ಏನಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡವೆಂದು ನನ್ನ ಭಾವನೆ.

ಆಗ ಇಂಗ್ಲೆಂಡಿನಲ್ಲಿ ಭಾನುವಾರಗಳನ್ನು ಬಿಟ್ಟು ವರ್ಷಕ್ಕೆ ನಲವತ್ತು ಐವತ್ತು ಹಬ್ಬಗಳಿದ್ದುವು. ಫೆಬ್ರವರಿ 2ರಂದು ದೀಪದ ಹಬ್ಬ; ಮಂತ್ರಿಸಿದ ಮೇಣದ ಬತ್ತಿಯನ್ನು ಮನೆಗೊಯ್ದು, ಗುಡುಗು ಸಿಡಿಲಿನ ವೇಳೆ ಹಚ್ಚುತ್ತಿದ್ದರು. ಗರಿಗಳ ಭಾನುವಾರಕ್ಕೆ ಆ ಚಳಿಯ ನಾಡಿನಲ್ಲಿ ಖರ್ಜೂರದ ಗರಿ ಎಲ್ಲಿಂದ ಬರಬೇಕು? ವಿಲ್ಲೋ ಮರದ ಟೊಂಗೆಯೇ ಗರಿಯಾಯಿತು. ಶುಭ ಶುಕ್ರವಾರ ಬರಿಗಾಲಿನಲ್ಲಿ ಮೊಣಕಾಲೂರಿ ತೆವಳಿ ಹೋಗಿ ಶಿಲುಬೆಗೆ ಮುತ್ತಿಡುವುದು; ವಸಂತದಲ್ಲಿ ಊರ ಎಲ್ಲೆ ಸುತ್ತಿ ಬೆಳೆಯನ್ನು ಹರಸುವುದು; ನವೆಂಬರಿನಲ್ಲಿ ಸತ್ತವರಿಗಾಗಿ ಇರುಳೆಲ್ಲ ಗಂಟೆ ಬಾರಿಸುವುದು.

1536ರಲ್ಲಿ ಮೊದಲ ಪೆಟ್ಟು ಬಿದ್ದಿತು. ಹಬ್ಬಗಳು ಹೆಚ್ಚಿ ಜನ ಸೋಮಾರಿಗಳಾದರು, ಕೊಯ್ಲು ಕೆಟ್ಟಿತು ಎಂದು ಕಾರಣ ಹೇಳಿ, ಜುಲೈ 1ರಿಂದ ಸೆಪ್ಟೆಂಬರ್ 29ರವರೆಗಿನ ಸುಗ್ಗಿಯ ಕಾಲದ ಹಬ್ಬಗಳನ್ನು, ಅಪೋಸ್ತಲರದೂ ಮೇರಿ ಮಾತೆಯದೂ ಮುಂತಾದ ಕೆಲವನ್ನು ಬಿಟ್ಟು, ನಿಲ್ಲಿಸಿದರು. ಕಾರಣದಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಸಿಡ್‌ವೆಲ್ಲಳ ಹಬ್ಬ ಬರುತ್ತಿದ್ದುದು ಆಗಸ್ಟಿನ ಆದಿಯಲ್ಲಿ. ಮಲತಾಯಿಯ ಮಾತು ಕೇಳಿ ಕೊಯ್ಲಿನಾಳುಗಳು ಕುಡುಗೋಲಿನಿಂದ ಕತ್ತರಿಸಿದ ಹುಡುಗಿ ಆಕೆ ಎಂಬುದು ಎಕ್ಸೆಟರಿನ ಐತಿಹ್ಯ. ಆಕೆಯ ಹಬ್ಬವೂ ಕೊಯ್ಲಿಗೇ ಬಲಿಯಾಯಿತು. 1538ರಲ್ಲಿ ಮೂರ್ತಿಗಳ ಮುಂದೆ ದೀಪ ಕೂಡದೆಂದು ಅಪ್ಪಣೆಯಾಯಿತು. ದೀಪವಿಲ್ಲದ ಮೇಲೆ ಸಂತರಿಗೆ ಕುರಿಯೇಕೆ? ಒಂದೊಂದಾಗಿ ನಿಧಿಗಳು ಮುಚ್ಚಿದುವು.

ಟ್ರಿಕಿಗೆ ಒಂದು ಹಂಬಲವಿತ್ತು: ಸತ್ತವರ ಪೂಜೆಗೆ ಇಗರ್ಜಿಗೊಂದು ಜೊತೆ ಕಪ್ಪು ನಿಲುವಂಗಿ ಬೇಕು. ತನಗೆ ಸಲ್ಲಬೇಕಾದ ಉಣ್ಣೆಯ ದಶಾಂಶವನ್ನೂ ಅದಕ್ಕೇ ಮೀಸಲಿಟ್ಟು ಇಪ್ಪತ್ತು ವರ್ಷದಷ್ಟು ಕೂಡಿಸಿದ. ನಿಲುವಂಗಿ ಬಂದುದು 1547ರಲ್ಲಿ. ಅದೇ ವರ್ಷ ಹೆನ್ರಿ ಸತ್ತು, ಬಾಲಕ ಎಡ್ವರ್ಡನ ಹೆಸರಿನಲ್ಲಿ ಆಳಿದವರು ಸತ್ತವರಿಗಾಗಿ ಮಾಡುವ ಪೂಜೆಯನ್ನೇ ಮೂಢನಂಬಿಕೆಯೆಂದರು. 1548ರಲ್ಲಿ ದೀಪದ ಹಬ್ಬದ ಬತ್ತಿ, ಬೂದಿ, ಗರಿ ಎಲ್ಲವೂ ನಿಷಿದ್ಧವಾದುವು.

1549ರ ಜೂನ್ 9ರಿಂದ ಲ್ಯಾಟಿನ್ ಪೂಜೆ ನಿಂತು ಇಂಗ್ಲಿಷಿನ ಪ್ರಾರ್ಥನಾ ಗ್ರಂಥ ಜಾರಿಗೆ ಬಂತು. ಮರುದಿನವೇ ಡೆವನ್ನಿನ ಸ್ಯಾಂಪ್‌ಫರ್ಡ್ ಕೋರ್ಟ್ನಿಯ ಜನ ತಮ್ಮ ಪಾದ್ರಿಯಿಂದ ಹಳೆಯ ಪೂಜೆಯನ್ನೇ ಮಾಡಿಸಿದರು, ದಂಗೆ ಹಬ್ಬಿತು. ಕಾರ್ನ್‌ವಾಲಿನವರು ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದೆಂದರು. ಇಂಗ್ಲಿಷ್ ತಿಳಿಯದವರಿಗೆ ಲ್ಯಾಟಿನ್ ತಿಳಿಯುತ್ತದೆಯೆ ಎಂದು ಆರ್ಚ್‌ಬಿಷಪ್ ಕ್ರ್ಯಾನ್ಮರ್ ಮರುಪ್ರಶ್ನೆ ಹಾಕಿದ. ತರ್ಕ ಆತನದೇ ಸರಿ. ಆದರೆ ಅವರ ಕಾರ್ನಿಷ್ ನುಡಿಯಲ್ಲಿ ಗ್ರಂಥವನ್ನು ಕೊಡೋಣವೆಂದು ಲಂಡನ್ನಿನ ಯಾರೂ ಮುಂದೆ ಬರಲಿಲ್ಲ. ಎಕ್ಸೆಟರ್ ನಗರಕ್ಕೆ ಮುತ್ತಿಗೆ ಹಾಕಿದ್ದ ದಂಗೆಕೋರರ ಪಾಳೆಯಕ್ಕೆ ಮೋರ್‌ಬಾತಿನಿಂದಲೂ ಐವರು ತರುಣರು ಹೋದರು, ಖರ್ಚನ್ನು ಊರೇ ಕೊಟ್ಟಿತು ಎಂಬುದು ಆ ಲೆಕ್ಕವನ್ನೋದಿ ಡಫಿ ಕಂಡುಕೊಂಡ ಸಂಗತಿ. ಆಗಸ್ಟಿನಲ್ಲಿ ರಾಜಸೈನ್ಯ ದಂಗೆಯನ್ನು ಹೊಸಕಿ ಹಾಕಿತು.

1553ರಲ್ಲಿ ಮೇರಿ ರಾಣಿ ಪಟ್ಟಕ್ಕೆ ಬಂದಾಗ, ಮನೆಗಳಲ್ಲಿ ಬಚ್ಚಿಟ್ಟಿದ್ದ ಪೂಜೆಯ ಸಾಮಾನುಗಳನ್ನು ಊರವರು ಹಿಂದಕ್ಕೆ ತಂದುಕೊಟ್ಟರು. ಪಾದ್ರಿ ಅದನ್ನು ಸಂತೋಷದಿಂದ ಬರೆದುಕೊಂಡ. 1559ರಲ್ಲಿ ಎಲಿಜಬೆತ್ತಳ ಕಾನೂನು ಬಂದು ಮತ್ತೆ ಎಲ್ಲವೂ ತಿರುಗಿತು. ಟ್ರಿಕಿ ಅದಕ್ಕೂ ತಲೆಬಾಗಿದ.

ಮೊದಲ ಸಲ ಓದಿದಾಗ, ಗಾಳಿ ಬಂದ ಕಡೆ ತೂರಿಕೊಂಡವನೆಂದು ನಾನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದೆ. ಎರಡನೆಯ ಸಲ ಓದುವಾಗ ಬೇರೊಂದು ಯೋಚನೆ ಬಂತು. ಆತ ಬಿಟ್ಟುಹೋಗಿದ್ದರೆ ಆ 33 ಮನೆಯವರ ಹೆಸರನ್ನೂ ಅವರು ಕೊಟ್ಟ ಕಾಸನ್ನೂ ಬಲ್ಲ ಪಾದ್ರಿ ಅವರಿಗೆ ಉಳಿಯುತ್ತಿರಲಿಲ್ಲ. ಹಾಗೆಂದು ಮೊದಲಿನ ಗುರುತನ್ನು ಅಳಿಸಲೂ ಮನಸ್ಸಾಗಿಲ್ಲ. ಅದು ಈಗಲೂ ಅಲ್ಲಿಯೇ ಇದೆ.